ಸತ್ತವರ ದನಿ ಯಂತ್ರದಲ್ಲಿ ಸಿಗುವುದೇ?

(ಶಿಕಾರಿಪುರದಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ಶಿಕಾರಿಪುರದಲ್ಲೂ ಸೊರಬದಲ್ಲೂ ಈಚೆಗೆ ಹಲವರು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: “ಹಜ್ರತ್, ಸತ್ತವರ ದನಿಯನ್ನು ಯಂತ್ರದಲ್ಲಿ ಹಿಡಿಯಬಹುದಂತೆ, ನಿಜವೇ?” ಪಾಳುಮನೆಗೆ ನುಗ್ಗಿ, ಕತ್ತಲಲ್ಲಿ ರೆಕಾರ್ಡರ್ ಹಿಡಿದು “ಇಲ್ಲಿ ಯಾರಿದ್ದೀರಿ?” ಎಂದು ಕೇಳುವ ವೀಡಿಯೊಗಳನ್ನು ನಮ್ಮ ಹುಡುಗರು ನೋಡುತ್ತಾರೆ. ಅವರಿಗೆ ಅದು ತಮಾಷೆ. ಆದರೆ ರಸ್ತೆ ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬರಿಗೆ ಅದು ತಮಾಷೆಯಲ್ಲ. ಹಣ ಕೊಟ್ಟರೆ ಮಗನ ದನಿ ಕೇಳಿಸುತ್ತೇನೆ ಎಂದು ಯಾರೋ ಅವರಿಗೆ ಆಸೆ ಹುಟ್ಟಿಸಿದ್ದಾರೆ. “ಚೆನ್ನಾಗಿದ್ದೀನಮ್ಮ ಅಂತ ಒಂದು ಮಾತು ಕೇಳಿದರೆ ಸಾಕು” ಎಂದರು ಆ ತಾಯಿ. ಆ ನೋವನ್ನು ಕಂಡು ಯಾರೂ ನಗಬಾರದು. ಆದರೆ ಸತ್ಯವನ್ನು ಹೇಳಲೇಬೇಕು.

ಇದು ಹೊಸ ವಿಷಯವೇನಲ್ಲ. 1959ರಲ್ಲಿ ಸ್ವೀಡನ್ನಿನ ಫ್ರೆಡ್ರಿಕ್ ಯೂರ್ಗೆನ್ಸನ್ ಎಂಬಾತ ಹಕ್ಕಿಗಳ ಕೂಗನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿಯುತ್ತಿದ್ದ. ನಮ್ಮ ಸೊರಬದ ಗುಡವಿ ಪಕ್ಷಿಧಾಮದಲ್ಲಿ ಈಗಲೂ ಯಾರಾದರೂ ಮಾಡಬಹುದಾದ ಕೆಲಸ. ಆ ಟೇಪನ್ನು ಕೇಳುವಾಗ ಮನುಷ್ಯನ ದನಿ ಕೇಳಿಸಿತು ಎಂದ. ಆಮೇಲೆ ತೀರಿಹೋದ ತನ್ನ ತಾಯಿಯ ದನಿಯೂ ಕೇಳಿಸಿತು ಎಂದ. ಅವನ ನಂತರ ಲಾಟ್ವಿಯಾದ ಕಾನ್‌ಸ್ಟಾಂಟಿನ್ ರೌಡಿವ್ ಇಂತಹ ಸಾವಿರಾರು ದನಿಗಳನ್ನು ಸಂಗ್ರಹಿಸಿದ. ಅವನು ಕೇಳಿಸಿಕೊಂಡ ಒಂದೊಂದು ಪುಟ್ಟ ವಾಕ್ಯದಲ್ಲೂ ಎರಡು ಮೂರು ಭಾಷೆಗಳು ಬೆರೆತಿರುತ್ತಿದ್ದವು, ಅವೂ ಅವನಿಗೆ ಗೊತ್ತಿದ್ದ ಭಾಷೆಗಳೇ! ಸತ್ತವರು ಹಾಗೇಕೆ ಮಾತಾಡಬೇಕು? ಮಾತು ಹುಟ್ಟಿದ್ದು ಟೇಪಿನಲ್ಲಲ್ಲ, ಕೇಳುವವನ ಕಿವಿಯಲ್ಲಿ.

ಹೇಗೆಂದು ತಿಳಿಯುವುದು ಕಷ್ಟವಲ್ಲ. ತೋಟದ ಮೋಟರ್ ಓಡುತ್ತಿರುವಾಗ ಯಾರೋ ನಮ್ಮ ಹೆಸರು ಹಿಡಿದು ಕೂಗಿದಂತಾಗುತ್ತದೆ. ಸದ್ದಿನಲ್ಲಿ ಅರ್ಥ ಹುಡುಕುವುದು ಮನಸ್ಸಿನ ಸ್ವಭಾವ, ಮೋಡದಲ್ಲಿ ಮುಖ ಕಂಡ ಹಾಗೆ. ರೆಕಾರ್ಡರಿನ ಗೊರಗೊರ ಸದ್ದನ್ನು ಹಿಗ್ಗಿಸಿ, “ಇಲ್ಲಿ ‘ಅಮ್ಮಾ’ ಅಂದ, ಕೇಳಿ” ಎಂದು ಮೊದಲೇ ಹೇಳಿಬಿಟ್ಟರೆ ಹಾಗೆಯೇ ಕೇಳಿಸುತ್ತದೆ. ಏನೂ ಹೇಳದೆ ಹತ್ತು ಜನರಿಗೆ ಬೇರೆ ಬೇರೆಯಾಗಿ ಕೇಳಿಸಿದರೆ ಹತ್ತು ಉತ್ತರ ಬರುತ್ತವೆ. ‘ಸ್ಪಿರಿಟ್ ಬಾಕ್ಸ್’ ಎಂದು ಮಾರುವುದು ಹೆಚ್ಚಾಗಿ ಒಂದು ರೇಡಿಯೊ. ಎಲ್ಲೂ ನಿಲ್ಲದೆ ಸ್ಟೇಷನ್ನಿಂದ ಸ್ಟೇಷನ್ನಿಗೆ ಹಾರುತ್ತದೆ. ಭದ್ರಾವತಿ ಆಕಾಶವಾಣಿಯ ಅರ್ಧ ಪದ, ಇನ್ನೊಂದು ಸ್ಟೇಷನ್ನಿನ ಹಾಡಿನ ತುಣುಕು ಸೇರಿದರೆ ನೊಂದ ಮನಸ್ಸು ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಅದು ಜಿನ್ನ್ ಎಂದು ಹೆದರುವುದೂ ಬೇಡ. ಜಿನ್ನ್‌ಗಳ ಅಸ್ತಿತ್ವವನ್ನು ನಾವು ನಂಬುತ್ತೇವೆ. ಹಾಗೆಂದು ರೇಡಿಯೊದ ಪ್ರತಿ ಸದ್ದನ್ನೂ ಅವರ ತಲೆಗೆ ಕಟ್ಟಬೇಕಾಗಿಲ್ಲ.

ಈಗ ಕೃತಕ ಬುದ್ಧಿಮತ್ತೆ ಬಂದಿದೆ. ತೀರಿಕೊಂಡವರ ಹಳೆಯ ವಾಯ್ಸ್ ಮೆಸೇಜ್ ಕೊಟ್ಟರೆ, ಅವರು ಎಂದೂ ಆಡದ ಮಾತನ್ನು ಅವರದೇ ದನಿಯಲ್ಲಿ ಆಡಿಸುತ್ತದೆ. ಅಬ್ಬಾ ಬದುಕಿದ್ದಾಗ ಕಳಿಸಿದ ಮೆಸೇಜನ್ನು ಕೇಳಿ ಕಣ್ಣೀರಾಗುವುದು ತಪ್ಪಲ್ಲ. ಅದು ನೆನಪು. ಆಡದ ಮಾತನ್ನು ಅವರ ಬಾಯಿಗೆ ಹಾಕುವುದು ಸುಳ್ಳು, ಅದೂ ಅಲ್ಲಗಳೆಯಲು ಬಾಯಿಲ್ಲದವರ ಮೇಲೆ.

ಸಹೋದರರೇ, ಮರಣ ಹೊಂದಿದವರ ಮತ್ತು ಈ ಲೋಕದ ನಡುವೆ ಪುನರುತ್ಥಾನದ ದಿನದವರೆಗೆ ಬರ್ಝಖ್ ಎಂಬ ತಡೆ ಇದೆಯೆಂದು ಪವಿತ್ರ ಕುರ್‌ಆನಿನ ಅಲ್ ಮೂಮಿನೂನ್ ಅಧ್ಯಾಯ ತಿಳಿಸುತ್ತದೆ. ಸತ್ತವರು ನಮ್ಮ ಮಾತು ಕೇಳುತ್ತಾರೆಯೇ ಎಂಬುದರಲ್ಲಿ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ಆದರೆ ಯಂತ್ರ ಹಿಡಿದವನು ಕರೆದಾಗ ಬಂದು ಉತ್ತರಿಸುತ್ತಾರೆ ಎಂಬುದಕ್ಕೆ ಕುರ್‌ಆನ್, ಹದೀಸ್‌ಗಳಲ್ಲಿ ಆಧಾರವಿಲ್ಲ. ಅಗೋಚರವನ್ನು ಬಲ್ಲೆನೆನ್ನುವ ಕಣಿಗಾರನ ಬಳಿ ಹೋಗಿ ಕೇಳುವುದರ ವಿರುದ್ಧ ಪ್ರವಾದಿ ಮುಹಮ್ಮದ್ (ಸ) ಕಠಿಣ ಎಚ್ಚರಿಕೆ ನೀಡಿದ್ದಾರೆ. ಕೈಯಲ್ಲಿ ಕವಡೆಯ ಬದಲು ಯಂತ್ರವಿದ್ದ ಮಾತ್ರಕ್ಕೆ ಕಣಿಗಾರ ಬೇರೆಯವನಾಗುವುದಿಲ್ಲ.

ಹಾಗಾದರೆ ಆ ತಾಯಿಗೆ ದಾರಿಯೇ ಇಲ್ಲವೇ? ಇದೆ. ಸಅದ್ ಬಿನ್ ಉಬಾದಾ (ರ) ಅವರ ತಾಯಿ ತೀರಿಕೊಂಡಾಗ ಅವರು ಊರಲ್ಲಿರಲಿಲ್ಲ. ಕೊನೆಯ ಮಾತು ಕೇಳುವ ಭಾಗ್ಯ ಅವರಿಗೂ ಸಿಗಲಿಲ್ಲ. ಆದರೆ ತಾಯಿಯಿಂದ ಒಂದು ಮಾತು ತರಿಸಿಕೊಡಿ ಎಂದು ಅವರು ಪ್ರವಾದಿಯವರಲ್ಲಿ (ಸ) ಕೇಳಲಿಲ್ಲ. ತಾಯಿಯ ಪರವಾಗಿ ದಾನ ಮಾಡಿದರೆ ಅವರಿಗೆ ಪ್ರಯೋಜನವಾಗುವುದೇ ಎಂದು ಕೇಳಿದರು. ಹೌದು ಎಂಬ ಉತ್ತರ ಬಂದೊಡನೆ ತಮ್ಮ ಫಲದ ತೋಟವನ್ನೇ ದಾನ ಮಾಡಿದರು. ತೋಟವೆಂದರೆ ಏನೆಂದು ನಮ್ಮ ಅಡಿಕೆ ಸೀಮೆಯವರಿಗೆ ಹೇಳಬೇಕಾಗಿಲ್ಲ. ತೀರಿಕೊಂಡವರಿಂದ ನಮಗೇನು ಸಿಕ್ಕೀತು ಎಂಬುದಲ್ಲ, ನಮ್ಮಿಂದ ಅವರಿಗೇನು ತಲುಪೀತು ಎಂಬುದು ಅವರ ಚಿಂತೆಯಾಗಿತ್ತು.

ಮನುಷ್ಯ ಸತ್ತ ಮೇಲೂ ಅವನಿಗೆ ಪುಣ್ಯ ತಲುಪುತ್ತಲೇ ಇರುವ ಮೂರು ಕರ್ಮಗಳಿವೆ: ನಿರಂತರ ದಾನ, ಜನರಿಗೆ ಉಪಯೋಗವಾಗುವ ಜ್ಞಾನ, ದುಆ ಮಾಡುವ ಸಜ್ಜನ ಸಂತಾನ. ಜನಾಝ ನಮಾಝಿಗೆ ಮುಂಚೆ ಪ್ರವಾದಿಯವರು (ಸ) ಮೃತನ ಮೇಲೆ ಸಾಲವಿದೆಯೇ ಎಂದು ವಿಚಾರಿಸುತ್ತಿದ್ದರು. ನಮ್ಮ ಮನೆಯಿಂದ ಹೋದವರ ಸಾಲ ತೀರಿದೆಯೇ? ಅಂಗಡಿಯ ಉದ್ದರಿ, ಸೊಸೈಟಿಯ ಬಾಕಿ? ಅಬ್ಬಾನ ದನಿ ಕೇಳಬೇಕೆಂದು ಹಂಬಲಿಸುವ ಮಗನೇ, ಅಬ್ಬಾನ ಆಸ್ತಿಯಲ್ಲಿ ನಿನ್ನ ಅಕ್ಕತಂಗಿಯರಿಗೆ ಅಲ್ಲಾಹನು ನಿಗದಿಪಡಿಸಿದ ಪಾಲು ಕೊಟ್ಟೆಯಾ? ಅದನ್ನು ತಿಳಿಯಲು ಕಬ್ರ್‌ನಿಂದ ದನಿ ಬರಬೇಕಿಲ್ಲ. ಕುರ್‌ಆನಿನ ಅನ್ನಿಸಾ ಅಧ್ಯಾಯದಲ್ಲಿ ಅದು ಸ್ಪಷ್ಟವಾಗಿದೆ.

ಯಂತ್ರಕ್ಕೆ ಕೊಡಬೇಕೆಂದಿದ್ದ ಹಣದಲ್ಲಿ ಮಗನ ಹೆಸರಿನಲ್ಲಿ ಒಬ್ಬ ಬಡ ವಿದ್ಯಾರ್ಥಿಯ ಪುಸ್ತಕ ಕೊಡಿಸಿ. ಪ್ರತಿ ನಮಾಝಿನ ನಂತರ ಅವನಿಗಾಗಿ ಕೈಯೆತ್ತಿ. ಮಗ ಹೇಗಿದ್ದಾನೆ ಎಂಬುದನ್ನು ಅವನನ್ನು ತಾಯಿಗಿಂತಲೂ ಹೆಚ್ಚು ಪ್ರೀತಿಸುವ ಕರುಣಾಮಯಿಗೆ ಬಿಡಿ. ನೆರೆಹೊರೆಯವರೇ, ಮೂರು ದಿನ ಊಟ ಕಳಿಸಿ ಮರೆಯಬೇಡಿ. ನೊಂದವರನ್ನು ನಾವು ಒಂಟಿಯಾಗಿ ಬಿಟ್ಟಾಗಲೇ ಮೋಸಗಾರ ಅವರ ಬಾಗಿಲು ತಟ್ಟುವುದು.

ಅಲ್ಲಾಹನು ನಮ್ಮಿಂದ ಅಗಲಿದವರನ್ನು ಕ್ಷಮಿಸಲಿ, ಅವರ ಕಬ್ರ್‌ಗಳನ್ನು ಬೆಳಗಿಸಲಿ, ಉಳಿದವರಿಗೆ ಸಹನೆಯನ್ನೂ ಅವರ ಹಕ್ಕುಬಾಧ್ಯತೆಗಳನ್ನು ತೀರಿಸುವ ಶಕ್ತಿಯನ್ನೂ ನೀಡಲಿ. ಆಮೀನ್.