ವಿಡಿಯೊ ನಿಲ್ಲಿಸಿದ ಮೇಲೆ
(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)



ತರಗತಿಯಲ್ಲಿ ಆನ್‌ಲೈನ್ ವಿಡಿಯೊಗಳನ್ನು ಬಳಸುವುದು ಹೇಗೆ ಅಂತ ಮಾತಾಡು ಎಂದು ನಮ್ಮ ಕಾರ್ಯದರ್ಶಿ ಮೇಡಂ ಫೋನ್ ಮಾಡಿದಾಗ ತಕ್ಷಣ ಒಪ್ಪಿಕೊಂಡೆ. ಐಟಿಯವಳು, ಎಂ.ಟೆಕ್. ಬೇರೆ ಓದಿದ್ದಾಳೆ, ಇವಳಿಗೆ ಗೊತ್ತಿರುತ್ತದೆ ಎಂಬ ನಂಬಿಕೆ ಅವರದು. ಒಂದೂವರೆ ವರ್ಷದ ಹಿಂದೆ ನನಗೂ ಅದೇ ನಂಬಿಕೆ ಇತ್ತು. ಅದು ಹೇಗೆ ಹೋಯಿತು ಎಂಬುದನ್ನೇ ಮೊದಲು ಹೇಳಿಬಿಡುತ್ತೇನೆ.

ನಿಮ್ಮಲ್ಲಿ ಕೆಲವರಿಗೆ ಗೊತ್ತಿರುವಂತೆ, ನಾನು ಶನಿವಾರ ಬೆಳಿಗ್ಗೆ ಇಲ್ಲೇ ಪುಣೆಯ ಒಂದು ಕನ್ನಡ ಮಾಧ್ಯಮ ಶಾಲೆಗೆ ಹೋಗಿ ಏಳನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಹೆಚ್ಚಿನವರು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆಂದು ಬಂದವರ ಮಕ್ಕಳು. ಶಾಲೆಯಲ್ಲಿ ಒಂದು ಪ್ರೊಜೆಕ್ಟರ್ ಇದೆ, ಲ್ಯಾಪ್‌ಟಾಪ್ ನನ್ನದು. ಮೊದಲ ಶನಿವಾರವೇ ವಿದ್ಯುತ್ ಮಂಡಲದ ಮೇಲೆ ಯೂಟ್ಯೂಬಿನಿಂದ ಹನ್ನೆರಡು ನಿಮಿಷದ ಒಂದು ಕನ್ನಡ ವಿಡಿಯೊ ಹಾಕಿದೆ. ಚೆನ್ನಾಗಿಯೇ ಇತ್ತು. ಬಣ್ಣ, ಸಂಗೀತ, ಸ್ಪಷ್ಟವಾದ ದನಿ. ಮಕ್ಕಳು ಪಿಳಿಪಿಳಿ ನೋಡಿದರು. "ಅರ್ಥ ಆಯ್ತಾ?" ಎಂದೆ. "ಹೂನ್ರೀ ಅಕ್ಕೋರ" ಎಂದು ಇಡೀ ತರಗತಿ ಒಂದೇ ಉಸಿರಿಗೆ ಹೇಳಿತು. ನನಗಂತೂ ಬಹಳ ಖುಷಿ.

ಅದೃಷ್ಟಕ್ಕೆ ಅಂದು ಚೀಲದಲ್ಲಿ ಒಂದೂವರೆ ವೋಲ್ಟಿನ ಶೆಲ್, ಟಾರ್ಚಿನ ಪುಟ್ಟ ಬಲ್ಬು, ಒಂದು ತುಂಡು ವೈರು ಇತ್ತು. ಬಲ್ಬು ಕೂರಿಸುವ ಹೋಲ್ಡರ್ ಇಲ್ಲ, ಎರಡನೇ ವೈರೂ ಇಲ್ಲ. "ಇಷ್ಟರಲ್ಲೇ ದೀಪ ಹೊತ್ತಿಸಿ" ಎಂದು ಕೊಟ್ಟೆ. ಒಬ್ಬರಿಗೂ ಆಗಲಿಲ್ಲ. ಎಲ್ಲರೂ ವೈರಿನ ಒಂದು ತುದಿಯನ್ನು ಶೆಲ್ಲಿಗೆ, ಇನ್ನೊಂದನ್ನು ಬಲ್ಬಿನ ಬುಡಕ್ಕೆ ಮುಟ್ಟಿಸಿ ಕಾಯುತ್ತಿದ್ದರು, ನಲ್ಲಿಗೆ ಪೈಪು ಹಚ್ಚಿ ನೀರಿಗೆ ಕಾದ ಹಾಗೆ. ವಿಡಿಯೊದಲ್ಲಿ ಐದಾರು ಸಲ ಕೇಳಿದ "ಮಂಡಲ ಪೂರ್ಣವಾಗಬೇಕು" ಎಂಬ ಮಾತನ್ನು ಬಾಯಿಪಾಠ ಒಪ್ಪಿಸಬಲ್ಲವರು ಅವರೇ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಹಿಂದಿನ ರಾತ್ರಿ ಅಡುಗೆಮನೆಯ ಕಟ್ಟೆಯ ಮೇಲೆ ನಾನೇ ಮಾಡಿ ನೋಡಿದಾಗ ನನಗೂ ಮೊದಲ ಸಲಕ್ಕೆ ಹೊತ್ತಿರಲಿಲ್ಲ. ಬಲ್ಬಿನ ಬುಡದ ತುದಿಯನ್ನು ಶೆಲ್ಲಿನ ತಲೆಯ ಮೇಲೆ ನೇರವಾಗಿ ಕೂರಿಸಬೇಕು, ಶೆಲ್ಲಿನ ತಳದಿಂದ ಬಂದ ವೈರು ಬಲ್ಬಿನ ಪಕ್ಕದ ಲೋಹದ ಭಾಗವನ್ನು ಮುಟ್ಟಬೇಕು. ಬಲ್ಬಿಗೂ ಎರಡು ಬಾಗಿಲಿವೆ ಎಂಬುದು ಅಷ್ಟು ಪರೀಕ್ಷೆ ಪಾಸು ಮಾಡಿದವಳಿಗೆ ಹೊಳೆಯಲಿಲ್ಲ. ನಾನೊಬ್ಬಳೇ ಅಲ್ಲ ಎಂಬುದು ಸಮಾಧಾನ. ಅಮೆರಿಕದಲ್ಲಿ 1997ರಲ್ಲಿ ಬಂದ 'ಮೈಂಡ್ಸ್ ಆಫ್ ಅವರ್ ಓನ್' ಎಂಬ ಸಾಕ್ಷ್ಯಚಿತ್ರದಲ್ಲಿ, ಘಟಿಕೋತ್ಸವದ ನಿಲುವಂಗಿ ತೊಟ್ಟ ಎಂಐಟಿ ಪದವೀಧರರ ಕೈಗೆ ಇದೇ ಬಲ್ಬು, ಶೆಲ್ಲು, ವೈರು ಕೊಡುತ್ತಾರೆ. ಅವರೂ ತಡವರಿಸುತ್ತಾರೆ.

ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಡೆರೆಕ್ ಮುಲ್ಲರ್ 2008ರಲ್ಲಿ ಇದೇ ವಿಷಯದ ಮೇಲೆ ಪಿಎಚ್.ಡಿ. ಮಾಡಿದ್ದಾರೆ. 'ವೆರಿಟಾಸಿಯಮ್' ಚಾನೆಲ್ ನಡೆಸುವವರು, ನಿಮ್ಮ ಮಕ್ಕಳು ನೋಡಿರುತ್ತಾರೆ. ನೇರವಾಗಿ ಸರಿಯಾದದ್ದನ್ನೇ ಹೇಳುವ ವಿಡಿಯೊ ನೋಡಿದ ವಿದ್ಯಾರ್ಥಿಗಳು ಬಹಳ ಸ್ಪಷ್ಟವಾಗಿದೆ ಎಂದರಂತೆ, ಆದರೆ ಪರೀಕ್ಷೆಯಲ್ಲಿ ಅಂಥ ಸುಧಾರಣೆ ಕಾಣಲಿಲ್ಲ. ಸಾಮಾನ್ಯ ತಪ್ಪು ತಿಳಿವಳಿಕೆಯನ್ನು ಮೊದಲು ತೋರಿಸಿ, ಅದರ ಜೊತೆ ವಾದ ಮಾಡುವ ವಿಡಿಯೊ ನೋಡಿದವರು ಗೊಂದಲವಾಯಿತು ಎಂದರು, ಆದರೆ ಕಲಿತದ್ದು ಹೆಚ್ಚು. ಸರಾಗವಾಗಿ ಸಾಗುವ ವಿಡಿಯೊದಲ್ಲಿ ಮಗು ತನಗೆ ಮೊದಲೇ ಗೊತ್ತಿದ್ದದ್ದನ್ನೇ ಕೇಳಿಸಿಕೊಂಡು ಬಿಡುತ್ತದೆ. "ಹೂನ್ರೀ ಅಕ್ಕೋರ" ಎಂಬುದರ ಅರ್ಥ ನನಗೆ ಆಗ ತಿಳಿಯಿತು.

ಈಗ ಹನ್ನೆರಡು ನಿಮಿಷದ ವಿಡಿಯೊದಲ್ಲಿ ಮೂರೇ ನಿಮಿಷ ತೋರಿಸುತ್ತೇನೆ. ಅದಕ್ಕೂ ಮೊದಲು ಏನಾಗಬಹುದು ಅಂತ ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ತಪ್ಪಾದರೂ ಅಳಿಸುವಂತಿಲ್ಲ. ಇನ್ನೊಂದು ಉಪಾಯ ಆಕಸ್ಮಿಕವಾಗಿ ಸಿಕ್ಕಿತು. ಒಂದು ದಿನ ಸ್ಪೀಕರ್ ಕೆಟ್ಟಿತ್ತು. ಇಂಗ್ಲಿಷ್ ವಿಡಿಯೊ ಮೂಕವಾಗಿ ಓಡುತ್ತಿತ್ತು. "ನೀವೇ ಹೇಳ್ರೋ ಏನಾಗ್ತಿದೆ ಅಂತ" ಎಂದೆ. "ನೋಡ್ರಿ, ಇವ ಈಗ ವೈರ್ ಹಚ್ಚಾಕತ್ತಾನ, ಹತ್ತಲಿಲ್ಲ, ಯಾಕ ಹತ್ತಲಿಲ್ಲ?" ಎಂದು ಒಬ್ಬ ಕ್ರಿಕೆಟ್ ಕಾಮೆಂಟರಿಯಂತೆ ಶುರು ಮಾಡಿದ. ಸ್ಪೀಕರ್ ರಿಪೇರಿಯಾದ ಮೇಲೂ ಮೊದಲ ಸಲ ಸದ್ದಿಲ್ಲದೆಯೇ ಹಾಕುತ್ತೇನೆ. ಹಾಂ, ವಿಡಿಯೊ ಮೊದಲೇ ಇಳಿಸಿಕೊಂಡಿರಿ. ತರಗತಿಯ ನಡುವೆ ರಮ್ಮಿ ಆಟದ ಜಾಹೀರಾತು ಬಂದರೆ ಆಗುವ ಮುಜುಗರ ನಾನು ಅನುಭವಿಸಿದ್ದೇನೆ.

ಇನ್ನು ಮಕ್ಕಳೇ ಕೈಯಾಡಿಸಬಹುದಾದ ಸಾಮಗ್ರಿ. ನಾನು ಹೆಚ್ಚು ಬಳಸುವುದು 'ಫೆಟ್'. ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ್ದು. ಸಂಪೂರ್ಣ ಉಚಿತ, ಒಂದೊಂದನ್ನೂ ಪೆನ್‌ಡ್ರೈವಿನಲ್ಲಿ ಒಯ್ದು ಇಂಟರ್ನೆಟ್ ಇಲ್ಲದೆ ಬ್ರೌಸರಿನಲ್ಲಿ ತೆರೆಯಬಹುದು. ಅದರಲ್ಲಿ ಬ್ಯಾಟರಿ, ವೈರು, ಬಲ್ಬು ಎಳೆದು ಜೋಡಿಸುವ ಒಂದು ಆಟವಿದೆ. ವೈರಿನೊಳಗೆ ನೀಲಿ ಗುಂಡುಗಳು ಸಾಲಾಗಿ ಓಡುತ್ತವೆ, ಅವು ಎಲೆಕ್ಟ್ರಾನ್. ಬಲ್ಬೇ ಇಲ್ಲದೆ ಬ್ಯಾಟರಿಯ ಎರಡು ತುದಿಗೂ ಒಂದೇ ವೈರು ಹಚ್ಚಿದರೆ ಬ್ಯಾಟರಿಗೆ ಬೆಂಕಿ ಹತ್ತುತ್ತದೆ! ಅದು ಗೊತ್ತಾದ ದಿನ ಪಾಠ ನಡೆಯಲಿಲ್ಲ, ಸರತಿಯಲ್ಲಿ ನಿಂತು ಎಲ್ಲರೂ ಬ್ಯಾಟರಿ ಸುಟ್ಟರು. ನಾನು ತಡೆಯಲಿಲ್ಲ. ಮುಂದಿನ ವಾರ "ಬೆಂಕಿ ಯಾಕೆ?" ಎಂದು ಕೇಳಿದಾಗ, ಬಲ್ಬಿದ್ದರೆ ಗುಂಡು ನಿಧಾನ, ಇಲ್ಲದಿದ್ದರೆ ಜೋರು ಎಂದು ಅವರೇ ಹೇಳಿದರು.

ಆ ತರಗತಿಯಲ್ಲಿ ಒಂದು ಹುಡುಗಿ ಇದ್ದಾಳೆ. ಮೊದಲ ಆರು ತಿಂಗಳು ಅವಳ ದನಿಯನ್ನೇ ನಾನು ಕೇಳಿರಲಿಲ್ಲ. ಅವಳು ಪರದೆಯ ಹತ್ತಿರ ಬಂದು ಬಲ್ಬಿನ ಆಚೆ ಈಚೆ ಗುಂಡುಗಳನ್ನು ಬೆರಳಿಟ್ಟು ಎಣಿಸಿದಳು. ಆಮೇಲೆ ಕೇಳಿದಳು: "ಅಕ್ಕೋರ, ಬಲ್ಬ್ ದಾಟಿದ ಮ್ಯಾಲೂ ಗುಂಡು ಅಷ್ಟೇ ಅವಲ್ರಿ. ಮತ್ತ ಶೆಲ್ ಯಾಕ ಖಾಲಿ ಆಗ್ತದ?"

ಕರೆಂಟು ಬಲ್ಬಿನಲ್ಲಿ ಖರ್ಚಾಗುತ್ತದೆ ಎಂದು ದೊಡ್ಡವರೂ ನಂಬಿರುತ್ತಾರೆ. ಖರ್ಚಾಗುವುದು ಶಕ್ತಿ, ಎಲೆಕ್ಟ್ರಾನ್ ಅಲ್ಲ ಎಂಬ ಉತ್ತರ ನನಗೆ ಗೊತ್ತಿತ್ತು, ಆದರೆ ಅವಳಿಗೆ ಮುಟ್ಟುವಂತೆ ಹೇಳಲು ಮಾತು ಸಿಗಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಅವರ ಶಿಕ್ಷಕಿ ಎದ್ದು ಬಂದರು. ಕಂಪ್ಯೂಟರ್ ಮುಟ್ಟಲು ಹೆದರುವ, ಇನ್ನೆರಡು ವರ್ಷಕ್ಕೆ ನಿವೃತ್ತರಾಗುವವರು. "ಸೈಕಲ್ ಚೈನ್ ನೋಡೀಯಲ್ಲ? ತುಳಿದರ ಚೈನಿನ ಕೊಂಡಿ ಕಡಿಮಿ ಆಗ್ತಾವೇನು? ಕಾಲು ಸೋಲ್ತಾವ. ಶೆಲ್ ಅಂದ್ರ ಕಾಲು" ಎಂದರು. ಹುಡುಗಿ ತಲೆಯಾಡಿಸಿದಳು. ನಾನು ನನ್ನ ಡೈರಿಯಲ್ಲಿ ಬರೆದುಕೊಂಡೆ.

ಪರದೆಯ ಚಿತ್ರವೂ ಸುಳ್ಳು ಹೇಳುತ್ತದೆ ಎಂಬುದನ್ನು ಮರೆಯಬಾರದು. ಆ ಗುಂಡುಗಳನ್ನು ನೋಡಿ ಇಬ್ಬರು ಹುಡುಗರು ವೈರಿನೊಳಗೆ ಪೊಳ್ಳು ಇದೆ ಎಂದುಕೊಂಡಿದ್ದರು. ವೈರು ಸುಲಿದು, ತಾಮ್ರ ಕತ್ತರಿಸಿ ತೋರಿಸಬೇಕಾಯಿತು. ಪರದೆಯ ಬೆಂಕಿಗೆ ಬಿಸಿಯಿಲ್ಲ, ಮನೆಯ ಪ್ಲಗ್ಗಿನಲ್ಲಿ ಇದೆ ಎಂದು ಪ್ರತಿ ಸಲ ಹೇಳುತ್ತೇನೆ.

ಈಗ ಕೊನೆಯ ವಿಷಯ, ಕೆಲವರಿಗೆ ಬೇಸರವಾಗಬಹುದು, ಕ್ಷಮಿಸಿ. ಈ ವರ್ಷ ವೇದಿಕೆಯಿಂದ ಆ ಶಾಲೆಗೆ ಇಪ್ಪತ್ತು ಟ್ಯಾಬ್ಲೆಟ್ ಕೊಡುವ ಪ್ರಸ್ತಾವ ಇದೆ. ನನ್ನ ಮಾತು ಕೇಳುವುದಾದರೆ ಬೇಡ. ತಲಾ ಒಂದು ಪರದೆ ಸಿಕ್ಕರೆ ಒಬ್ಬೊಬ್ಬರೇ ಒಳಗೆ ಮುಳುಗುತ್ತಾರೆ, ಆ ಹುಡುಗಿಯ ಪ್ರಶ್ನೆ ಟೀಚರ ಕಿವಿಗೆ ಬೀಳುವುದಿಲ್ಲ. ಅದರ ಬದಲು ಒಳ್ಳೆಯ ಸ್ಪೀಕರ್, ಎರಡು ಲ್ಯಾಪ್‌ಟಾಪ್, ಡಬ್ಬಿ ತುಂಬ ಬಲ್ಬು, ಶೆಲ್, ವೈರು ಸಾಕು. ಉಳಿದ ಹಣ ಮುಂದಿನ ವರ್ಷಕ್ಕಿರಲಿ. ಹಣಕ್ಕಿಂತ ನನಗೆ ಬೇಕಾದದ್ದು ನಿಮ್ಮಲ್ಲಿ ನಾಲ್ಕು ಜನ. ವಿಜ್ಞಾನ ಓದಿರಬೇಕೆಂದಿಲ್ಲ. ಐದೈದು ಮಕ್ಕಳ ಜೊತೆ ಕೂತು "ಯಾಕೆ ಹಾಗೆ ಅಂದುಕೊಂಡೆ?" ಎಂದು ಕೇಳುವ ತಾಳ್ಮೆ ಇದ್ದರಾಯಿತು.

ಮುಂದಿನ ಶನಿವಾರ ಆಯಸ್ಕಾಂತದ ಪಾಠ. ಬೆಳಿಗ್ಗೆ 10ಕ್ಕೆ ಇಲ್ಲಿಂದಲೇ ನನ್ನ ಕಾರು ಹೊರಡುತ್ತದೆ, ಮೂರು ಸೀಟು ಖಾಲಿ ಇದೆ. ಮನೆಯಲ್ಲಿ ಕೆಟ್ಟ ಸ್ಪೀಕರ್ ಇದ್ದರೆ ಗುಜರಿಗೆ ಹಾಕಬೇಡಿ, ಒಳಗೆ ಒಳ್ಳೆಯ ಆಯಸ್ಕಾಂತ ಇರುತ್ತದೆ. ತೆಗೆದುಕೊಂಡು ಬನ್ನಿ.