ಮೊಗಲಾಯಿಯ ಗಡಿ ದಾಟಿದವರು

ಬೆನ್ನಿಗೊಂದು ಚೀಲ, ಕಿಸೆಯಲ್ಲೊಂದು ಪಾಸ್‌ಪೋರ್ಟು ಇಟ್ಟುಕೊಂಡು ದೇಶದಿಂದ ದೇಶಕ್ಕೆ ನೆಲದ ದಾರಿಯಲ್ಲೇ ಹೋಗಿಬರುವ ತರುಣರು ಈಗ ನಮ್ಮಲ್ಲಿಯೂ ಇದ್ದಾರೆ. ಗಡಿಯಲ್ಲಿ ತಮ್ಮನ್ನು ತಡೆದದ್ದು, ಚೀಲ ಬಿಚ್ಚಿಸಿದ್ದು, ರಾತ್ರಿಯಿಡೀ ಕಾಯಿಸಿದ್ದು ಮುಂತಾಗಿ ಅವರು ಹೇಳತೊಡಗಿದರೆ ನನಗೆ ನೆನಪಾಗುವವರು ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿಗಳ ಹಿರಿಯರು. ಅವರಿಗೆ ಸೊಲ್ಲಾಪುರವೂ ಸಿಂದಗಿಯೂ ಒಂದು ಕಾಲಕ್ಕೆ ಪರದೇಶವೇ ಆಗಿದ್ದವು.

ನಮ್ಮ ಸೀಮೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಆಚೆಯವರು ಇದನ್ನು ಮೊಗಲಾಯಿ ಎನ್ನುತ್ತಿದ್ದರು. ಗಡಿಯ ಎರಡೂ ಕಡೆ ಅದೇ ಕನ್ನಡ, ಅದೇ ಜೋಳದ ರೊಟ್ಟಿ. ಆದರೆ ರೂಪಾಯಿ ಮಾತ್ರ ಬೇರೆ. ನಮ್ಮದು ಚಾರ್ಮಿನಾರಿನ ಚಿತ್ರವುಳ್ಳ ಹಾಲಿ ಸಿಕ್ಕ, ಅವರದು ಕಲದಾರ. ನೂರು ಕಲದಾರಕ್ಕೆ ಸುಮಾರು 116 ಹಾಲಿ ರೂಪಾಯಿ ತೆರಬೇಕಾಗಿತ್ತು. ಸರಕಿಗೆ ಸುಂಕ ವಸೂಲು ಮಾಡುವ ನಾಕೆಗೆ ಕರೋಡಗಿರಿ ಎಂದು ಹೆಸರು. ಆ ಮಾತನ್ನು ಮುದುಕರ ಬಾಯಲ್ಲಿ ಈಗಲೂ ಒಮ್ಮೊಮ್ಮೆ ಕೇಳಬಹುದು. ಕಾಗಿಣಾ ತೀರದ ಮಳಖೇಡ ಇರುವುದು ನಮ್ಮ ಸೇಡಂ ತಾಲ್ಲೂಕಿನಲ್ಲಿಯೇ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆಯೆಂದ ಕವಿರಾಜಮಾರ್ಗ ಹುಟ್ಟಿದ್ದು ಅಲ್ಲಿ ಆಳಿದ ನೃಪತುಂಗನ ಆಸ್ಥಾನದಲ್ಲಿ. ಪಂಡಿತನಾದವನು ಇದನ್ನು ಹೇಳದೆ ಮುಂದೆ ಹೋಗಲಾರ, ಕ್ಷಮಿಸಬೇಕು.

ಆದರೂ 1947ರವರೆಗೆ ಈ ಗಡಿ ಕಿಸೆಯನ್ನು ತಡವಿ ಬಿಟ್ಟುಬಿಡುತ್ತಿತ್ತೇ ಹೊರತು ಪ್ರಾಣಕ್ಕೆ ಎರವಾಗುವಂಥದಾಗಿರಲಿಲ್ಲ. ಮುಂಬಯಿಯಿಂದ ರಾಯಚೂರಿಗೆ ಹೋಗುವ ಗಾಡಿ ಶಹಾಬಾದ, ವಾಡಿಗಳ ಮೇಲೆಯೇ ಹೋಗುವುದು. ಹೈದರಾಬಾದಿಗೆ ಹೋಗುವ ಕವಲು ವಾಡಿಯಲ್ಲಿ ಕೂಡಿದ್ದು 1874ರಷ್ಟು ಹಿಂದೆ. ಮದುವೆಗೆ, ಜಾತ್ರೆಗೆ, ವ್ಯಾಪಾರಕ್ಕೆ ಜನ ಹೋಗಿಬರುತ್ತಲೇ ಇದ್ದರು.

1947ರ ಆಗಸ್ಟ್ 15ರಂದು ಹಿಂದುಸ್ಥಾನ ಸ್ವತಂತ್ರವಾಯಿತು. ನಿಜಾಮರು ಅದರಲ್ಲಿ ಸೇರಲಿಲ್ಲ. ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದವೇನೋ ಆಯಿತು. ಆದರೆ ಹಳ್ಳಿಗಳಲ್ಲಿ ರಜಾಕಾರರ ಹಾವಳಿ ಹೆಚ್ಚಿತು, ಊರು ಬಿಡುವವರೂ ಹೆಚ್ಚಿದರು. ಗಾಡಿಯಲ್ಲಿ ಹೋಗೋಣವೆಂದರೆ, 1948ರ ಮೇ 22ರಂದು ಗಾಣಗಾಪುರದ ನಿಲ್ದಾಣದಲ್ಲಿ ಮೇಲ್ ಗಾಡಿಯ ಮೇಲೆಯೇ ದಾಳಿ ನಡೆಯಿತು. ನಿಲ್ದಾಣದ ದೀಪದ ಬೆಳಕಿಗಿಂತ ಹೊಲದ ಕತ್ತಲೆಯೇ ವಾಸಿ ಎನ್ನಿಸಿದ ಕಾಲವದು.

ನಕ್ಷೆಯನ್ನು ನೋಡಿದರೆ ಆ ದಾರಿಯ ಕಷ್ಟ ತಿಳಿಯುವುದು. ಚಿಂಚೋಳಿ ಮೂಡಣ ಮೂಲೆಯಲ್ಲಿದೆ. ದಾಟಬೇಕಾದ ಗಡಿ ಪಡುವಣಕ್ಕೆ. ನಡುವೆ ಇಡೀ ಜಿಲ್ಲೆಯೇ ಬಿದ್ದಿದೆ. ಸಿಂದಗಿಯ ಕಡೆಗೆ ಹೊರಟವರು ಭೀಮೆಯನ್ನು ದಾಟಿ, ಜೇವರ್ಗಿಯ ಎರೆನೆಲವನ್ನು ತುಳಿಯಬೇಕು. ಮಳೆ ಬಿದ್ದ ಎರೆನೆಲವೆಂದರೆ ಗೊತ್ತಲ್ಲ: ಬಂಡಿಯ ಗಾಲಿ ಅಚ್ಚಿನವರೆಗೆ ಹೂತುಹೋಗುತ್ತದೆ, ಕಾಲಿಗಂಟಿದ ಮಣ್ಣೇ ಒಂದು ಭಾರವಾಗುತ್ತದೆ. ಎತ್ತಿನ ಕೊರಳ ಗೆಜ್ಜೆ ಬಿಚ್ಚಿ, ಕೂಸು ಅತ್ತರೆ ಸೆರಗಿನಲ್ಲಿ ಬಾಯಿ ಮುಚ್ಚಿ, ರಾತ್ರಿ ನಡೆದು ಹಗಲು ಜೋಳದ ಕಣಿಕೆಯ ಮರೆಯಲ್ಲಿ ಕುಳಿತುದನ್ನು ನಮ್ಮೂರ ಅಜ್ಜಿಯೊಬ್ಬರಿಂದ ನಾನು ಕೇಳಿದ್ದೇನೆ. ಅವರು ಕೊರಗುತ್ತಿದ್ದುದು ನಡೆದ ದಾರಿಗಲ್ಲ, ಕಟ್ಟಿನಲ್ಲೇ ಬಿಟ್ಟುಬಂದ ಎಮ್ಮೆಗೆ. “ಹಗ್ಗ ಉಚ್ಚಿ ಬರಬೇಕಾಗಿತ್ತಪ್ಪಾ, ಉಚ್ಚಲಿಲ್ಲ” ಎಂದು ಎಷ್ಟೋ ಸಲ ಹೇಳಿದ್ದರು. ಗಡಿ ದಾಟಿದ ಮೇಲೆ ಸೆರಗಿನ ಗಂಟಿನಲ್ಲಿದ್ದ ಹಾಲಿ ರೂಪಾಯಿಯನ್ನು ಅಂಗಡಿಯವನು ತಿರುಗಿಸಿ ತಿರುಗಿಸಿ ನೋಡಿದನಂತೆ.

ದಾಟಿದವರೆಲ್ಲ ಸುಮ್ಮನೆ ಕೂಡಲಿಲ್ಲ. ಗಡಿಯುದ್ದಕ್ಕೂ ಶಿಬಿರಗಳೆದ್ದವು, ಮುಂಡರಗಿಯದನ್ನು ಅಳವಂಡಿಯ ಶಿವಮೂರ್ತಿಸ್ವಾಮಿಗಳು ನಡೆಸಿದರು. ಸುಂಕ ಕೀಳುತ್ತಿದ್ದ ನಾಕೆಗಳ ಮೇಲೆಯೇ ಶಿಬಿರಗಳ ತರುಣರು ಏರಿಹೋದರು.

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಹೊಕ್ಕಿತು. 17ರಂದು ನಿಜಾಮರು ಶರಣಾದರು. ಹೋದವರು ತಿರುಗಿ ಬಂದರು. ಆದರೆ ಅದೇ ವಾರಗಳಲ್ಲಿ ಇನ್ನು ಕೆಲವರು ಮನೆ ಬಿಟ್ಟು ಓಡಬೇಕಾಯಿತು. ರಜಾಕಾರರೊಡನೆ ಏನೂ ಸಂಬಂಧವಿಲ್ಲದ ಮುಸಲ್ಮಾನ ಕುಟುಂಬಗಳೂ ಅವರಲ್ಲಿದ್ದವು. ಪಂಡಿತ ಸುಂದರಲಾಲರ ಸಮಿತಿ ಹೆಚ್ಚು ಹಾನಿಯಾದುವೆಂದು ಎಣಿಸಿದ ನಾಲ್ಕು ಜಿಲ್ಲೆಗಳಲ್ಲಿ ನಮ್ಮದೂ ಒಂದು. ಸೆಪ್ಟೆಂಬರ್ 17ರ ಉತ್ಸವದಲ್ಲಿ ಈ ಮಾತನ್ನು ಯಾರೂ ಎತ್ತುವುದಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಆ ವರ್ಷದ ಕಥೆ ಹೇಳುವಾಗ ನಾನು ಎರಡೂ ಓಟಗಳನ್ನು ಹೇಳುತ್ತೇನೆ. ಓಡಿದವರು ತುಳಿದದ್ದು ಅದೇ ಎರೆನೆಲ. ಆ ಹೊತ್ತಿಗೆ ಮಳೆಯಿನ್ನೂ ನಿಂತಿರಲಿಲ್ಲ.