ಮಲ್ಟಿಪಲ್ ಸ್ಕ್ಲೆರೋಸಿಸ್: ಗೊತ್ತಿಲ್ಲದವರಿಗೆ ಗೊತ್ತು ಮಾಡುವ ಕೆಲಸ

(ಮಾಸಿಕ ಗೋಷ್ಠಿಯಲ್ಲಿ ನಿವೃತ್ತ ಇಂಜಿನಿಯರರೊಬ್ಬರು ಮಾಡಿದ ಭಾಷಣದ ಬರಹರೂಪ)



ನಾನು ವೈದ್ಯನಲ್ಲ. ಮೂವತ್ನಾಲ್ಕು ವರ್ಷ ಸರ್ಕಾರಿ ನೌಕರಿಯಲ್ಲಿ ರಸ್ತೆ, ಕಟ್ಟಡ ಕಟ್ಟಿಸಿದವನು. ಇವನೇಕೆ ರೋಗದ ಬಗ್ಗೆ ಮಾತಾಡುತ್ತಾನೆ ಎಂದು ನಿಮಗೆ ಅನ್ನಿಸಿದರೆ ತಪ್ಪಿಲ್ಲ. ಈ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಮೊದಲು ಅದನ್ನು ಹೇಳಿ ಮುಂದಕ್ಕೆ ಹೋಗುತ್ತೇನೆ.

ನನ್ನ ತಂಗಿಯ ಮಗಳು ಶಾಲಾ ಶಿಕ್ಷಕಿ. ಇಪ್ಪತ್ತಾರನೇ ವಯಸ್ಸಿನಲ್ಲಿ ಒಂದು ದಿನ ಆಕೆಯ ಎಡಗಣ್ಣು ಮಂಜಾಯಿತು, ಕಣ್ಣು ಹೊರಳಿಸಿದರೆ ನೋವು. ಹನಿ ಔಷಧ ಹಾಕಿದರು, ಮೂರು ವಾರದಲ್ಲಿ ತಾನಾಗಿಯೇ ಸರಿಹೋಯಿತು. ನಾವೆಲ್ಲ ಮರೆತೆವು. ಎಂಟು ತಿಂಗಳ ಮೇಲೆ, "ಮಾಮಾ, ಕಾಲಾಗ ಇರುವಿ ಹರದಂಗ ಆಗ್ತೈತ್ರಿ, ಮೆಟ್ಟಲಾ ಏರಾಕ ಆಗವಲ್ದು" ಅಂದಳು. ನಾನು, "ಮೊಬೈಲ್ ನೋಡೂದು ಕಡಿಮಿ ಮಾಡವಾ, ಬೆಳಿಗ್ಗೆದ್ದು ನಾಕು ಹೆಜ್ಜಿ ನಡದಾಡು" ಅಂದೆ. ಆಲಸ್ಯ ಎಂದೇ ತಿಳಿದಿದ್ದೆ. ದೃಷ್ಟಿಯಾಗಿದೆ ಎಂದವರಿದ್ದರು, ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದವರಿದ್ದರು. ಹಿಂದಿನ ಜನ್ಮದ ಕರ್ಮ ಎಂದವರೂ ಇದ್ದರು, ಅದೂ ನಮ್ಮಂಥವರ ಮನೆಯಲ್ಲಿ! ಎರಡು ವರ್ಷ ಹೀಗೆಯೇ ಕಳೆಯಿತು. ಕೊನೆಗೆ ನರರೋಗ ತಜ್ಞರೊಬ್ಬರು ಎಂ.ಆರ್.ಐ. ಮಾಡಿಸಿ, ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಿ, ಇದು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ಆ ಹೆಸರನ್ನು ನಾನು ಅಂದೇ ಮೊದಲು ಕೇಳಿದ್ದು.

ಏನಿದು? ನಾನು ಸಿವಿಲ್‌ನವನಾದರೂ ಎಲೆಕ್ಟ್ರಿಕಲ್‌ನವರ ಉದಾಹರಣೆ ಎರವಲು ತರುತ್ತೇನೆ. ವಯರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುತ್ತದಲ್ಲ, ಹಾಗೆ ನಮ್ಮ ನರಗಳ ಮೇಲೆ ಮಯಲಿನ್ ಎಂಬ ಹೊದಿಕೆ ಇದೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿತಪ್ಪಿ ಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ನರದಲ್ಲಿ ಈ ಹೊದಿಕೆಯನ್ನು ಕೆಡಿಸುತ್ತದೆ. ಹೊದಿಕೆ ಸುಲಿದಲ್ಲಿ ಸಂದೇಶ ನಿಧಾನವಾಗುತ್ತದೆ ಅಥವಾ ನಿಂತುಹೋಗುತ್ತದೆ. ಗಾಯವಾದ ಜಾಗ ಗಡುಸಾಗುತ್ತದೆ; ಸ್ಕ್ಲೆರೋಸಿಸ್ ಎಂದರೆ ಅದೇ. ಹಲವು ಜಾಗಗಳಲ್ಲಿ ಆಗುವುದರಿಂದ ಮಲ್ಟಿಪಲ್. ಫ್ರಾನ್ಸಿನ ಶಾರ್ಕೋ ಎಂಬ ವೈದ್ಯ 1868ರಲ್ಲೇ ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದ್ದ. ಇದು ಅಂಟುರೋಗವಲ್ಲ. ಜಗತ್ತಿನಲ್ಲಿ ಸುಮಾರು 29 ಲಕ್ಷ ಜನರಿಗೆ ಇದೆ ಎಂಬ ಅಂದಾಜಿದೆ. ಹೆಚ್ಚಾಗಿ ಶುರುವಾಗುವುದು 20ರಿಂದ 40ರ ವಯಸ್ಸಿನಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಅಂದರೆ ನಮ್ಮಲ್ಲಿ ಓದು, ನೌಕರಿ, ಮದುವೆ, ಹೆರಿಗೆ ಎಲ್ಲ ನಡೆಯುವ ವಯಸ್ಸೇ ಅದು.

ಮನೆಯವರು ಮೋಸಹೋಗುವುದು ಒಂದು ಕಾರಣಕ್ಕೆ. ಬಹಳಷ್ಟು ಜನರಲ್ಲಿ ಈ ರೋಗ ಬಂದು ಹೋಗುತ್ತದೆ. ಕೆಲವು ವಾರ ಕಾಡಿ ಇಳಿಯುತ್ತದೆ, ತಿಂಗಳುಗಳ ಮೇಲೆ ಇನ್ನೊಂದು ಕಡೆ ಏಳುತ್ತದೆ. ಇಂದು ನಡೆಯಲಾಗದವಳು ಮುಂದಿನ ತಿಂಗಳು ನಡೆದರೆ "ನಾಟಕ ಮಾಡ್ತಿದ್ಲು" ಅನ್ನುತ್ತೇವೆ. ಇನ್ನೊಂದು, ಮೈ ಬಿಸಿಯಾದರೆ ತೊಂದರೆ ಹೆಚ್ಚುತ್ತದೆ. ಉಟಾಫ್ ಎಂಬ ಜರ್ಮನಿಯ ಕಣ್ಣಿನ ವೈದ್ಯ 1890ರಲ್ಲೇ ಇದನ್ನು ಗುರುತಿಸಿದ್ದ. ವಿಜಯಪುರ, ಕಲಬುರಗಿಯ ಬೇಸಿಗೆ ನಿಮಗೆ ಗೊತ್ತು. ಬಿಸಿನೀರಿನ ಜಳಕ ಮಾಡಿ ಬಂದವಳಿಗೆ ಹತ್ತು ಹೆಜ್ಜೆ ಇಡಲಾಗದಿದ್ದರೆ ಅತ್ತೆಯ ಮನೆಯಲ್ಲಿ ಯಾರು ನಂಬುತ್ತಾರೆ?

ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದರೆ 1990ರ ದಶಕದಿಂದೀಚೆಗೆ, ಮರುಕಳಿಸುವುದನ್ನು ಕಡಿಮೆ ಮಾಡುವ ಔಷಧಗಳು ಬಂದಿವೆ. ಬೇಗ ಶುರುಮಾಡಿದಷ್ಟೂ ಉಳಿಯುವುದು ಹೆಚ್ಚು. ನಾವು ಕಳೆದ ಎರಡು ವರ್ಷದ ಲೆಕ್ಕ ನನಗೆ ರಾತ್ರಿ ನಿದ್ದೆ ಕೊಡುವುದಿಲ್ಲ.

ಇಷ್ಟಾದ ಮೇಲೆ, ನಾವು ನೀವು ಮಾಡುವುದೇನು? ಹಣದ ಮಾತು ಬದಿಗಿಡೋಣ, ಕೊಡುವವರು ಕೊಡುತ್ತಾರೆ. ಮಠಗಳಲ್ಲಿ, ಸಂಘಗಳಲ್ಲಿ ಉಚಿತ ಆರೋಗ್ಯ ಶಿಬಿರ ನಡೆಯುತ್ತವೆ. ಬಿ.ಪಿ., ಸಕ್ಕರೆ, ಕಣ್ಣಿನ ಪೊರೆ ನೋಡುತ್ತಾರೆ. ಆ ಶಿಬಿರಕ್ಕೆ ಬರುವ ಜನರಿಗೆ, ಆಶಾ ಕಾರ್ಯಕರ್ತೆಯರಿಗೆ ಒಂದು ಪುಟದ ಕನ್ನಡ ಕರಪತ್ರ ಕೊಡೋಣ. ಅದರಲ್ಲಿ ಬರೆಯಬೇಕಾದದ್ದು ಸ್ವಲ್ಪವೇ: ವಯಸ್ಸಿನ ಹುಡುಗ ಹುಡುಗಿಯರಿಗೆ ಒಂದು ಕಣ್ಣು ನೋವಿನೊಂದಿಗೆ ಮಂಜಾದರೆ, ಕೈಕಾಲು ಜೋಮು ಹಿಡಿದರೆ, ತೋಲ ತಪ್ಪಿದರೆ, ಮೂತ್ರದ ಹಿಡಿತ ತಪ್ಪಿದರೆ, ಅದು ದಿನ ಕಳೆದರೂ ಹೋಗದಿದ್ದರೆ, ವೈದ್ಯರಿಗೆ ತೋರಿಸಿ; ಹಿಂದೆ ಹೀಗೆ ಬಂದು ಹೋಗಿತ್ತೆಂಬುದನ್ನು ಮರೆಯದೆ ಹೇಳಿ. ಜೊತೆಗೆ ಇನ್ನೊಂದು ಸಾಲೂ ಇರಲಿ. ಜೋಮು ಎಂದರೆಲ್ಲ ಎಂ.ಎಸ್. ಅಲ್ಲ. ಸಕ್ಕರೆ ಕಾಯಿಲೆಯಿಂದ, ಬಿ-12 ಕೊರತೆಯಿಂದ ಬರುವ ಜೋಮು ಇದಕ್ಕಿಂತ ಬಹಳ ಸಾಮಾನ್ಯ. ಹೆದರಿಸಲು ಹೋಗಬಾರದು. ಅಚ್ಚಿಗೆ ಕಳಿಸುವ ಮೊದಲು ಕರಪತ್ರವನ್ನು ನರರೋಗ ತಜ್ಞರೊಬ್ಬರು ಓದಲೇಬೇಕು. ಕಷಾಯದಿಂದ ಗುಣವಾಗುತ್ತದೆ, ಇಂಜೆಕ್ಷನ್ ಬಿಡಿ ಎನ್ನುವವರನ್ನು ವೇದಿಕೆಗೆ ಕರೆಯಬಾರದು.

ಎರಡನೆಯದು ಕಾಗದಪತ್ರದ ಕೆಲಸ, ನನ್ನಂಥ ನಿವೃತ್ತರಿಗೆ ಹೇಳಿ ಮಾಡಿಸಿದ್ದು. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆ ಮಾತ್ರ ಇದ್ದವು. 2016ರ ಕಾಯ್ದೆಯಲ್ಲಿ 21 ಆದವು, ಅದರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಹೆಸರಿದೆ. ಬಹಳ ಸೌಲಭ್ಯಗಳಿಗೆ ಶೇಕಡಾ 40ರಷ್ಟು ನ್ಯೂನತೆಯ ಪ್ರಮಾಣಪತ್ರ ಬೇಕು, ಯು.ಡಿ.ಐ.ಡಿ. ಕಾರ್ಡು ಬೇಕು. ಹೊರಗೆ ಕಾಣದ ಆಯಾಸ, ಮಂಜುಗಣ್ಣು, ಮೂತ್ರದ ತೊಂದರೆ, ಇವನ್ನು ಶೇಕಡಾವಾರಿನಲ್ಲಿ ತೋರಿಸುವುದು ಸುಲಭವಲ್ಲ. ಅರ್ಜಿ ತುಂಬಲು, ಹಳೆಯ ವರದಿಗಳನ್ನು ತಾರೀಕಿನ ಪ್ರಕಾರ ಜೋಡಿಸಲು, ತಪಾಸಣೆಯ ದಿನ ಜೊತೆಗೆ ಹೋಗಲು ಒಬ್ಬರು ಬೇಕು. ನಾನು ಇಲ್ಲಿಯವರೆಗೆ ಮೂವರಿಗೆ ಮಾಡಿಕೊಟ್ಟಿದ್ದೇನೆ. ಕಡತ ಓಡಾಡಿಸಿದ ಅನುಭವ ಇಲ್ಲಿ ಉಪಯೋಗಕ್ಕೆ ಬಂತು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಈ ರೋಗದ ಮೂರು ಔಷಧಗಳನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಅವು ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಗಲಿ ಎಂದು ಶಾಸಕರಿಗೆ, ಆರೋಗ್ಯ ಇಲಾಖೆಗೆ ಮನವಿ ಬರೆಯುವವರು ಬೇಕು.

ಇನ್ನು ನನ್ನ ಕಸುಬಿನ ಮಾತು. ಗಾಲಿಕುರ್ಚಿಯ ಇಳಿಜಾರು ಒಂದಕ್ಕೆ ಹನ್ನೆರಡು ಇರಬೇಕು. ಎರಡಡಿ ಎತ್ತರದ ಕಟ್ಟೆಗೆ ಇಪ್ಪತ್ನಾಲ್ಕು ಅಡಿ ಉದ್ದ. ನೌಕರಿಯಲ್ಲಿದ್ದಾಗ ನಾನು ಜಾಗ ಉಳಿಸಲು ಹತ್ತಡಿಯಲ್ಲಿ ಮುಗಿಸಿ ಬಿಲ್ಲು ಪಾಸು ಮಾಡಿದ್ದುಂಟು. ಅದರ ಮೇಲೆ ಯಾರೂ ಹತ್ತಲಿಲ್ಲ, ಸೈಕಲ್ ನಿಲ್ಲಿಸಿದರು. ಈಗ ನಮ್ಮ ಕಲ್ಯಾಣ ಮಂಟಪಗಳನ್ನು, ದಾಸೋಹದ ಮನೆಗಳನ್ನು ನೋಡಿ. ಕೈಹಿಡಿ ಎಲ್ಲಿದೆ? ಕೂತೇಳಲು ಆಗದವರಿಗೆ ಕುರ್ಚಿಯಂಥ ಶೌಚಾಲಯ ಎಷ್ಟಿವೆ? ನೆಲದ ಮೇಲೆ ಪಂಕ್ತಿಗೆ ಕೂರಲಾಗದವಳಿಗೆ ಊಟಕ್ಕೆ ಮೇಜು ಹಾಕುತ್ತೇವೆಯೇ? ಯಾವ ಊರಿನವರಾದರೂ ಕರೆಯಿರಿ, ಟೇಪು ಹಿಡಿದು ಬಂದು ಅಳತೆ ತೆಗೆದು ಎಸ್ಟಿಮೇಟ್ ಬರೆದುಕೊಡುತ್ತೇನೆ. ಬಸ್ ಚಾರ್ಜು ಕೂಡ ಬೇಡ.

ಸಂಬಂಧ ನೋಡುವ ಹಿರಿಯರಿಗೂ ಒಂದು ಮಾತು. ಎಂ.ಎಸ್. ಇದ್ದವರು ಮದುವೆಯಾಗಬಾರದು, ಮಕ್ಕಳನ್ನು ಹೆರಬಾರದು ಎಂಬ ವೈದ್ಯಕೀಯ ನಿಯಮ ಎಲ್ಲೂ ಇಲ್ಲ. ಔಷಧದ ಲೆಕ್ಕ ವೈದ್ಯರೊಂದಿಗೆ ಮಾತಾಡಿ ಮಾಡಿಕೊಳ್ಳಬೇಕು, ಅಷ್ಟೆ. ಹಾಗೆಂದು ಯಾರ ಮನೆಯ ಹೆಸರನ್ನೂ ಜಾಗೃತಿಯ ನೆಪದಲ್ಲಿ ಸಭೆಯಲ್ಲಿ ಎತ್ತಬಾರದು. ನಾನು ಇಂದು ಹೇಳಿದ್ದು ನನ್ನ ಸೊಸಿಯನ್ನು ಕೇಳಿ, ಆಕೆ ಒಪ್ಪಿದ ಮೇಲೆ.

ಮುಂಬಯಿಯಲ್ಲಿ 1985ರಲ್ಲಿ ಶುರುವಾದ ಭಾರತೀಯ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿಯ ಶಾಖೆ ಬೆಂಗಳೂರಿನಲ್ಲಿದೆ. ರೋಗಿಗಳಿಗೆ ತಮ್ಮಂಥವರು ಸಿಗುವುದು ಅಲ್ಲಿ. ಸ್ವಯಂಸೇವಕರೂ ಅವರಿಗೆ ಬೇಕು. ಹಳ್ಳಿಗಳವರೆಗೆ ಮಾತು ಮುಟ್ಟಿಸಲು ನಮ್ಮಂಥವರ ಸಂಘಗಳಿಗೆ ಸುಲಭ, ಯಾಕೆಂದರೆ ನಮ್ಮ ಸಭೆ ಪ್ರತಿ ತಿಂಗಳು ಹೇಗೂ ಸೇರುತ್ತದೆ.

ಮೇ 30 ವಿಶ್ವ ಎಂ.ಎಸ್. ದಿನ. ಈ ಸಲ ಅಂದು ಇದೇ ಸಭಾಂಗಣದಲ್ಲಿ ಸಣ್ಣ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ನನ್ನ ಬದಲು ಆಕೆಯೇ ಮಾತಾಡುತ್ತಾಳೆ. ಒಪ್ಪಿಕೊಳ್ಳುವಾಗ ಒಂದೇ ಷರತ್ತು ಹಾಕಿದಳು: "ಬಿಸಿಲೇರೂದರಾಗ ಮುಗಸ್ರಿ ಮಾಮಾ, ಆಮ್ಯಾಲ ನನ್ನ ಕಾಲು ನನ್ನ ಮಾತು ಕೇಳೂದಿಲ್ಲ." ಆದ್ದರಿಂದ ಬೆಳಿಗ್ಗೆ ಏಳೂವರೆಗೆ ಶುರು. ಸತ್ಕಾರ, ಹಾರ ತುರಾಯಿ ಇರುವುದಿಲ್ಲ. ಉಪ್ಪಿಟ್ಟು, ಚಹಾ ಇರುತ್ತದೆ. ದಯವಿಟ್ಟು ಹೊತ್ತಿಗೆ ಸರಿಯಾಗಿ ಬನ್ನಿ.